ಹಾರದ ಮೊಳೆ

ಅಪ್ಪ ನನ್ನ ಫೋಟೋದ ಕಟ್ಟಿಗೆ ಹಾರದ ಮೊಳೆ ಹೊಡೆದದ್ದು ಬೇಕಂತಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅಮ್ಮ ಆ ವಿಷಯಕ್ಕೆ ಅಪ್ಪನನ್ನು ಇವತ್ತಿಗೂ ಕ್ಷಮಿಸಿಲ್ಲ, ಮತ್ತು ಕತೆಯನ್ನು ಅಮ್ಮನ ಬಾಯಲ್ಲಿ ಕೇಳಿದವರಿಗೆಲ್ಲ ಅಪ್ಪ ಯಾವುದೋ ರಾಕ್ಷಸನ ಹಾಗೆ ಕಾಣಿಸುತ್ತಾರೆ.

ದೇವರಾಜ ಮೊಹಲ್ಲಾದ ಒಂದು ಸಂದಿಯಲ್ಲಿ ಅಪ್ಪನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಮದುವೆ, ಮುಂಜಿ, ನಾಮಕರಣದ ಫೋಟೋಗಳೆಲ್ಲ ಫೋನಿನೊಳಗೆ ಸೇರಿಕೊಂಡ ಮೇಲೆ ಅಲ್ಲಿಗೆ ಬರುವವರು ಎರಡೇ ಥರದವರು. ದೇವರ ಪಟ ತರುವವರು, ಸತ್ತವರ ಪಟ ತರುವವರು. ದೇವರಿಗೂ ಹಾರ ಬೇಕು, ಸತ್ತವರಿಗೂ ಬೇಕು. ಹಾಗಾಗಿ ಅಪ್ಪ ಯಾವ ಕಟ್ಟು ಮುಗಿಸಿದರೂ ಕೊನೆಯಲ್ಲಿ ಮೇಲಿನ ಎರಡು ಮೂಲೆಗೆ ಒಂದೊಂದು ಸಣ್ಣ ಮೊಳೆ ಹೊಡೆದೇ ಕೆಳಗಿಡುತ್ತಿದ್ದರು. ಗಿರಾಕಿ ಕೇಳಬೇಕಾಗಿರಲಿಲ್ಲ. ಬದುಕಿರುವವರ ಪಟಕ್ಕೆ ಆ ಮೊಳೆ ಹೊಡೆಯಬಾರದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಅಂಥ ಪಟ ಅವರ ಕೈಗೆ ಬಂದು ವರ್ಷಗಳೇ ಆಗಿದ್ದವು.

ನಾನು ಪಿಯುಸಿ ಮುಗಿಸಿದಾಗ ಊರಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅಂಕ ಚೆನ್ನಾಗಿದ್ದವು ಅಂತ ಮೆರಿಟ್ ರಿಯಾಯಿತಿಯಲ್ಲಿ ಅವರೇ ಅರ್ಧ ಫೀಸು ಬಿಟ್ಟರು. ಉಳಿದರ್ಧವನ್ನು ಅಪ್ಪ ಹೇಗೋ ಹೊಂದಿಸುತ್ತೇನೆಂದರು. ಆದರೆ ಪುಸ್ತಕ, ಲ್ಯಾಪ್‌ಟಾಪು, ಬಸ್ಸು, ಮಧ್ಯಾಹ್ನದ ಊಟ, ಇದಕ್ಕೆಲ್ಲ ಏನು ಗತಿ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಸೀಟು ಕೈಬಿಡಬೇಕಾಗುತ್ತದೇನೋ ಎಂಬ ಭಯ ಮೂವರಿಗೂ ಇತ್ತು.

ಅದೇ ವಾರ ಮಿಸ್ ಅಂಗಡಿಗೆ ಬಂದರು. ಕಾನ್ವೆಂಟ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಅವರನ್ನು ತರಕಾರಿಯವನೂ ಮಿಸ್ ಅಂತಲೇ ಕರೆಯುತ್ತಿದ್ದ. ಮಗಳ ಫೋಟೋದ ಗಾಜು ಒಡೆದಿತ್ತು, ಬದಲಾಯಿಸಬೇಕಿತ್ತು. ಅಪ್ಪ ಗಾಜು ಕತ್ತರಿಸುತ್ತಲೇ ನನ್ನ ಸೀಟಿನ ವಿಷಯ ಕೊಚ್ಚಿಕೊಂಡಿದ್ದಾರೆ. ಆ ವಾರ ಅವರ ಕೈಗೆ ಸಿಕ್ಕಿದ ಯಾವ ಗಿರಾಕಿಯೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ.

"ಎಂಜಿನಿಯರಿಂಗಾ?" ಅಂದರಂತೆ ಮಿಸ್. "ನನ್ನ ಮಗಳೂ ಅದನ್ನೇ ಓದ್ತಾ ಇದ್ದದ್ದು. ಎರಡನೇ ವರ್ಷದ ತನಕ."

ಪಟದೊಳಗಿನವರು ಹೇಗೆ ಹೋದರು ಎಂದು ಅಪ್ಪ ಯಾವ ಗಿರಾಕಿಯನ್ನೂ ಕೇಳುವುದಿಲ್ಲ. ಅವತ್ತೂ ಕೇಳಲಿಲ್ಲ. ಮಗಳ ಹೆಸರಿನಲ್ಲಿ ಒಂದು ದತ್ತಿ ಇಟ್ಟಿದ್ದೇನೆ, ಒಂದು ಸಲಕ್ಕೆ ಒಬ್ಬ ಹುಡುಗಿಯನ್ನು ಆರಿಸಿ ಓದು ಮುಗಿಯುವ ತನಕ ನೋಡಿಕೊಳ್ಳುತ್ತೇನೆ, ಈ ವರ್ಷ ನಿಮ್ಮ ಮಗಳನ್ನು ಕಳಿಸಿ, ಅಂತ ಮಿಸ್ ತಾವಾಗಿಯೇ ಹೇಳಿ ಹೋದರು. ಅಪ್ಪ ಮೈಸೂರು ಪಾಕ್ ಹಿಡಿದುಕೊಂಡು ಮನೆಗೆ ಬಂದರು. ಅಮ್ಮ ಮಾತ್ರ ಒಂದು ಚೂರು ಮುರಿದು ಕೈಯಲ್ಲೇ ಇಟ್ಟುಕೊಂಡು, "ಸತ್ತೋದ ಮಗೀನ ಹೆಸರಲ್ಲಿ ಬರೋ ದುಡ್ಡು. ಯಾಕೋ ನಂಗೆ ಸರಿ ಕಾಣ್ತಿಲ್ಲ" ಅಂದರು. ನನಗೆ ಸಿಟ್ಟು ಬಂತು. ಅಮ್ಮನಿಗೆ ಬೆಕ್ಕು ಅಡ್ಡ ಹೋದರೂ ಸರಿ ಕಾಣುವುದಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ಈ ದತ್ತಿಯ ವಿಷಯ ತಿಳಿಸೋಣವೆಂದು ನಾನೂ ಅಪ್ಪನೂ ಕಾಲೇಜಿನ ಆಫೀಸಿಗೆ ಹೋದರೆ, ಕೌಂಟರಿನವರು ತಲೆಯೆತ್ತದೆ ಹೇಳಿದರು: "ನೋಡಮ್ಮ, ಹೊರಗಿಂದ ಫೀಸಿಗೆ ಅಂತ ಎಷ್ಟು ಸ್ಕಾಲರ್‌ಶಿಪ್ ಬರುತ್ತೋ ಅಷ್ಟನ್ನ ನಮ್ಮ ರಿಯಾಯಿತಿಯಲ್ಲಿ ಕಳೀತೀವಿ. ರೂಲ್ಸು."

ಅಪ್ಪನ ತಲೆಗೆ ಹೋಗಲಿಲ್ಲ. "ಅಂದ್ರೆ ಆಯಮ್ಮ ನನ್ ಮಗಳಿಗೆ ಕೊಟ್ಟಿದ್ದು ನಿಮಗೇ ಕೊಟ್ಟಂಗಾಯ್ತಲ್ಲ ಸಾರ್!"

"ಹಾಗೇ ಅನ್ಕೊಳ್ಳಿ."

ನಾನು ಅಲ್ಲೇ ಜಗಳ ತೆಗೆಯುವವಳಿದ್ದೆ. ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು. ಆಮೇಲೆ ಆ ಮನುಷ್ಯ ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ ದಾರಿಯನ್ನೂ ತೋರಿಸಿದರು. ಕೊಡುವವರು ಈ ಹಣ ಫೀಸಿಗಲ್ಲ, ಪುಸ್ತಕ, ಊಟ, ಓಡಾಟಕ್ಕೆ ಎಂದು ಒಂದು ಪತ್ರ ಬರೆದುಕೊಟ್ಟರೆ ಕಳೆಯುವುದಿಲ್ಲ. ಎರಡೂ ಉಳಿಯುತ್ತವೆ. ಹೊರಟವರನ್ನು ಮತ್ತೆ ಕರೆದು, "ಇನ್ನೊಂದು ಮಾತು. ಒಂದು ಪೇಪರ್ ಹೋದರೂ ನಮ್ಮ ರಿಯಾಯಿತಿ ನಿಂತುಹೋಗುತ್ತೆ. ಎಷ್ಟೋ ಮಕ್ಕಳು ಅದನ್ನ ಮನೇಲಿ ಹೇಳೋದೇ ಇಲ್ಲ" ಅಂದರು.

ನಾನು ನಕ್ಕುಬಿಟ್ಟೆ. ನಾನು ಅಲ್ಲಿಯ ತನಕ ಯಾವುದರಲ್ಲೂ ಫೇಲಾದವಳಲ್ಲ.

ಮಿಸ್ ಮನೆ ಸರಸ್ವತಿಪುರಂನಲ್ಲಿ. ಮೇಲಿನ ಮಹಡಿಯನ್ನು ಟ್ಯುಟೋರಿಯಲ್ ಒಂದಕ್ಕೆ ಬಾಡಿಗೆಗೆ ಕೊಟ್ಟಿದ್ದರು. ದಿನವಿಡೀ ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿ ಸದ್ದು. ಕೆಳಗಿನ ಹಜಾರ ಮಾತ್ರ ತಣ್ಣಗೆ, ಮಬ್ಬಾಗಿ ಇರುತ್ತಿತ್ತು. ಏಸುವಿನ ಪಟ, ಅದರ ಕೆಳಗೆ ಸಣ್ಣ ಕೆಂಪು ಬಲ್ಬು, ಪಕ್ಕದಲ್ಲಿ ಆ ಹುಡುಗಿ. ಎರಡು ಜಡೆ, ಕನ್ನಡಕ, ನಗುವುದೋ ಬೇಡವೋ ಎಂದು ಕೇಳುವಂಥ ಮುಖ. ಸುತ್ತ ಗೋಡೆಗೆ ಹಿಂದಿನ ವರ್ಷಗಳ ಹುಡುಗಿಯರ ಫೋಟೋಗಳನ್ನು ಬರಿದೇ ಅಂಟಿಸಿದ್ದರು, ಕಟ್ಟಿಲ್ಲದೆ.

ಪತ್ರ ಬರೆದುಕೊಡಲು ಮಿಸ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಆದರೆ ಒಂದು ಕರಾರು ಹಾಕಿದರು. ಪ್ರತಿ ಶನಿವಾರ ಮಧ್ಯಾಹ್ನ ಇಲ್ಲಿಗೆ ಬಂದು ಊಟ ಮಾಡಬೇಕು. ಬೇಕಾದ್ದನ್ನು ಕೇಳಿ ತೆಗೆದುಕೊಂಡು ಹೋಗಬೇಕು.

"ಮಾರ್ಕ್ಸ್ ಕಾರ್ಡೂ ತರಬೇಕಾ ಮಿಸ್?" ಅಂದೆ.

"ಮಾರ್ಕ್ಸ್ ನಂಗೆ ಬೇಡ. ಮುಖ ತೋರಿಸು, ಸಾಕು."

ಹೀಗೆ ಶನಿವಾರಗಳು ಶುರುವಾದವು. ಶನಿವಾರ ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲವೆಂದು ತಿಳಿದ ಮೇಲೆ ಅವರೂ ಆ ದಿನ ಬೇಳೆ ಸಾರು, ಹುರುಳಿಕಾಯಿ ಪಲ್ಯಕ್ಕೆ ಇಳಿದರು. ಬಡಿಸಿ, ಎದುರಿಗೆ ಕೂತು, ನಾನು ತಿನ್ನುವುದನ್ನು ನೋಡುತ್ತಿದ್ದರು. ಮಾತು ಕಡಿಮೆ. ತಟ್ಟೆಯಲ್ಲಿ ಏನಾದರೂ ಉಳಿದರೆ ಅದನ್ನು ಬಹಳ ಹೊತ್ತು ದಿಟ್ಟಿಸುತ್ತಿದ್ದರು. ಹೊಸ ಪುಸ್ತಕ ಕೊಳ್ಳುವುದು ಬೇಡವೆಂದು ಮಗಳ ಪುಸ್ತಕಗಳನ್ನೇ ಒಂದೊಂದಾಗಿ ಕೊಟ್ಟರು. ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಗೆರೆ ಎಳೆದ ಪುಸ್ತಕಗಳು. ಮ್ಯಾಥ್ಸ್ ಪುಸ್ತಕದಲ್ಲಿ ಒಂದು ಪಾಠದ ನಡುವೆ ಗೆರೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಹಾಳೆಗಳು ಹೊಸದಾಗಿಯೇ ಇದ್ದವು. ಮೂರನೇ ಸೆಮಿಸ್ಟರಿನ ಪಾಠ ಅದು. ನಾನಿನ್ನೂ ಮೊದಲನೆಯದರಲ್ಲಿದ್ದೆ, ಆದರೂ ಪುಸ್ತಕ ತೆಗೆದಾಗಲೆಲ್ಲ ಆ ಹಾಳೆಯನ್ನು ತೆರೆದು ನೋಡುವ ಚಟ ಹತ್ತಿತು.

ಮಗಳ ಹುಟ್ಟಿದ ದಿನ ಹೊಸದಾಗಿ ಬಂದ ಹುಡುಗಿಯ ಫೋಟೋ ಗೋಡೆಗೆ ಸೇರುವುದು ಮಿಸ್ ಮನೆಯ ರೂಢಿ. ಅಪ್ಪನಿಗೆ ಇದು ತಿಳಿಯಿತು. ಉಪಕಾರ ಮಾಡಿದವರ ಮನೆಗೆ ಬರಿ ಫೋಟೋ ಕೊಡುವುದು ಹೇಗೆ? ಕಟ್ಟು ಹಾಕುವವನ ಮಗಳು ಬೇರೆ. ಮಿಸ್ ಮಗಳ ಪಟಕ್ಕೆ ಹಾಕಿದ ಅದೇ ಬಣ್ಣದ ಮರದ ಪಟ್ಟಿ ಹುಡುಕಿ, ಅದೇ ಅಳತೆಗೆ ಕತ್ತರಿಸಿ, ಜೋಡಿ ಕಾಣಬೇಕೆಂದು ಮುತುವರ್ಜಿಯಿಂದ ಕಟ್ಟಿದರು. ಕಾಗದ ಸುತ್ತಿ ತಾವೇ ಒಯ್ದು ಕೊಟ್ಟು ಬಂದರು. ಎರಡು ಮೊಳೆಯನ್ನೂ ಹೊಡೆದಿದ್ದಾರೆಂಬುದು ಅವರಿಗೇ ಗೊತ್ತಿರಲಿಲ್ಲ. ಅದು ಅವರ ಕೈಗೆ ಮಾತ್ರ ಗೊತ್ತಿತ್ತು.

ಮುಂದಿನ ಶನಿವಾರ ನಾನು ಮಿಸ್ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಗೋಡೆಯ ಮೇಲೆ ಆ ಹುಡುಗಿ, ಪಕ್ಕದಲ್ಲಿ ನಾನು. ಅವಳ ಕೊರಳಿಗೂ ಮಲ್ಲಿಗೆ ಹಾರ, ನನ್ನ ಕೊರಳಿಗೂ ಮಲ್ಲಿಗೆ ಹಾರ.

ಮಿಸ್ ಅಡುಗೆಮನೆಯಿಂದ ಬಂದು ನನ್ನ ಹಿಂದೆ ನಿಂತರು. "ಮೊಳೆ ಇತ್ತಲ್ಲ. ಅದಕ್ಕೇ ಹಾಕಿದೆ. ತೆಗೀಬೇಕಾ?"

ಅವರ ದನಿಯಲ್ಲಿ ತಮಾಷೆಯೂ ಇರಲಿಲ್ಲ, ಮರುಕವೂ ಇರಲಿಲ್ಲ. ಜಗಳಗಂಟಿ ಅಂತ ಬೀದಿಯಲ್ಲೆಲ್ಲ ಹೆಸರು ತೆಗೆದುಕೊಂಡಿದ್ದವಳು ನಾನು. ಆದರೆ ಅನ್ನ ಹಾಕುವವರ ಮನೆ, ಪತ್ರ ಬರೆದುಕೊಟ್ಟ ಕೈ, ಇನ್ನೂ ಮೂರು ವರ್ಷದ ಓದು ಬಾಕಿ. "ಇರಲಿ ಮಿಸ್" ಅಂದೆ.

ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ತಟ್ಟೆ ತರಲು ಒಳಗೆ ಹೋದರು.

ಮನೆಗೆ ಬಂದು ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅಮ್ಮ ಎದೆ ಹಿಡಿದುಕೊಂಡು ಕೂತರು. "ನಿಮ್ ಕೈಗೇನ್ ಬಂದಿತ್ತು? ಹೆತ್ತ ಮಗಳ ಪಟುಕ್ಕೆ ಹಾರದ್ ಮೊಳೆ ಹೊಡೆದ್ಬುಟ್ರಲ್ಲ! ಹೋಗಿ, ಈಗಲೇ ಕಿತ್ಕಂಡ್ ಬನ್ನಿ" ಅಂತ ಅಪ್ಪನ ಮೇಲೆ ಹರಿಹಾಯ್ದರು. ಅಪ್ಪನ ಮುಖ ಸುಣ್ಣದ ಹಾಗಾಗಿತ್ತು. ಇಕ್ಕಳ ಜೇಬಿಗೆ ಹಾಕಿಕೊಂಡು ಹೋದರು, ಹಾಗೇ ವಾಪಸ್ಸು ಬಂದರು. "ಈಗ ಬೇಡ, ಅವಳೇ ಕೇಳಲಿ, ಆಗ ಕರೀತೀನಿ" ಅಂದರಂತೆ ಮಿಸ್. ಯಾರು ಕೇಳಬೇಕು, ಯಾಕೆ ಕೇಳಬೇಕು, ಅಪ್ಪನಿಗೆ ಒಂದೂ ಅರ್ಥವಾಗಿರಲಿಲ್ಲ. ಅಮ್ಮ ಮಾರನೇ ದಿನವೇ ಬೆಟ್ಟಕ್ಕೆ ಹೋಗಿ ಚಾಮುಂಡಿಗೆ ಹರಕೆ ಹೊತ್ತು ಬಂದು ನನ್ನ ಕೈಗೆ ದಾರ ಕಟ್ಟಿದರು. ಇದೆಲ್ಲ ಕಂದಾಚಾರ ಎಂದು ರೇಗಿದೆ. ದಾರವನ್ನು ಮಾತ್ರ ಬಿಚ್ಚಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರವೂ ಹೊಸ ಹಾರ. ನಾನು ಅದರ ಕೆಳಗೆ ಕೂತು ಊಟ ಮಾಡುತ್ತಿದ್ದೆ. ಬಾಡಿದ ಎಸಳು ಒಂದೊಂದು ಸಲ ಭುಜದ ಮೇಲೆ ಬೀಳುತ್ತಿತ್ತು. ಊಟ ಮುಗಿಸಿ ಎದ್ದಾಗ ಮಿಸ್ ಗೋಡೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡುತ್ತಿದ್ದರು. ಏನನ್ನೋ ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಏನನ್ನು ಎಂದು ಯೋಚಿಸಲು ನನಗೆ ಹೆದರಿಕೆ.

ಎರಡನೇ ವರ್ಷಕ್ಕೆ ಬಂದೆ. ಮೂರನೇ ಸೆಮಿಸ್ಟರಿನ ಮ್ಯಾಥ್ಸ್ ತರಗತಿಯಲ್ಲಿ, ಆ ಹುಡುಗಿಯ ಪೆನ್ಸಿಲ್ ಗೆರೆ ಎಲ್ಲಿ ನಿಂತಿತ್ತೋ ಹೆಚ್ಚುಕಡಿಮೆ ಅಲ್ಲೇ ನನಗೂ ಪಾಠ ಕೈಬಿಟ್ಟಿತು. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಆ ಪಾಠವೇ ಕಷ್ಟದ್ದು, ಅರ್ಧ ತರಗತಿಯ ತಲೆಗೆ ಅದು ಹತ್ತಿರಲಿಲ್ಲ. ಆದರೆ ಹಾರ ಹಾಕಿಸಿಕೊಂಡ ಹುಡುಗಿಗೆ ಈ ವಿವೇಕ ಹೇಳುವವರು ಯಾರು? ಪುಸ್ತಕ ತೆರೆದರೆ ಆ ಹಾಳೆಯ ತನಕ ಹೋಗಿ ಮುಚ್ಚಿಬಿಡುತ್ತಿದ್ದೆ. ಫಲಿತಾಂಶ ಬಂದಾಗ ಮ್ಯಾಥ್ಸ್ ಹೋಗಿತ್ತು. ಆಫೀಸಿನ ಮೆಸೇಜು ಫೋನಿಗೆ ಬಂತು: ರಿಯಾಯಿತಿ ನಿಲ್ಲಿಸಲಾಗಿದೆ, ಮುಂದಿನ ಸೆಮಿಸ್ಟರಿನ ಪೂರ್ತಿ ಫೀಸು ಕಟ್ಟತಕ್ಕದ್ದು.

ಮನೆಯಲ್ಲಿ ಹೇಳಲಿಲ್ಲ. ಅಪ್ಪ ಹೊಂದಿಸುತ್ತಿದ್ದ ಅರ್ಧದ ಕಷ್ಟವೇ ನನ್ನ ಕಣ್ಣೆದುರಿಗಿತ್ತು, ಇನ್ನರ್ಧ ಎಲ್ಲಿಂದ ತರುತ್ತಾರೆ? ಮಿಸ್‌ಗೂ ಹೇಳಲಿಲ್ಲ. ಮೆರಿಟ್ ಹೋದವಳಿಗೆ ದತ್ತಿ ಯಾಕೆ ಎಂದು ಅದನ್ನೂ ನಿಲ್ಲಿಸಿದರೆ? ಆ ಶನಿವಾರ ಅವರ ಮನೆಯಲ್ಲಿ ನನ್ನ ತಟ್ಟೆ ಹಾಗೇ ಉಳಿಯಿತು.

"ಕಾಲೇಜಲ್ಲಿ ಎಲ್ಲ ಸರಿ ಇದೆಯಾ?" ಅಂದರು ಮಿಸ್.

"ಏನೂ ತೊಂದರೆ ಇಲ್ಲ ಮಿಸ್."

ಅವರು ಸೌಟನ್ನು ಕೆಳಗಿಟ್ಟು ನನ್ನ ತಟ್ಟೆಯನ್ನೇ ದಿಟ್ಟಿಸಿದರು.

ಮುಂದಿನ ಶನಿವಾರ ಅವರ ಮನೆಗೆ ಹೋಗುತ್ತೇನೆಂದು ಹೇಳಿ ಹೊರಟವಳು ಅರ್ಧ ದಾರಿಯಲ್ಲೇ ತಿರುಗಿ ಕೆರೆಯ ಕಡೆ ನಡೆದೆ. ಏರಿಯ ಮೇಲೆ ಮರದ ಕೆಳಗೊಂದು ಕಲ್ಲುಬೆಂಚು. ಅದರಾಚೆಯ ವಾರವೂ ಅಲ್ಲೇ ಕೂತೆ. ನನಗೆ ಸಾಯುವ ಯೋಚನೆ ಇರಲಿಲ್ಲ, ದೇವರಾಣೆ. ಮನೆಗೂ ಹೋಗಲಾಗದೆ, ಮಿಸ್ ಮುಂದೆಯೂ ಕೂರಲಾಗದೆ ಇದ್ದವಳಿಗೆ ಅಲ್ಲಿ ನೆರಳಿತ್ತು, ಅಷ್ಟೆ. ಆದರೆ ನೀರನ್ನು ನೋಡುತ್ತ ಕೂತವಳಿಗೆ ಎಷ್ಟು ಹೊತ್ತಾಯಿತೆಂದು ತಿಳಿಯುತ್ತಿರಲಿಲ್ಲ ಎಂಬುದೂ ನಿಜ.

ಆ ಎರಡನೇ ಶನಿವಾರ ಏರಿಯ ಮೇಲೆ ಯಾರೋ ಏದುಸಿರು ಬಿಡುತ್ತ ಓಡಿಬರುವುದು ಕಂಡಿತು. ಮಿಸ್. ಕಾಲಲ್ಲಿ ಮನೆಯೊಳಗಿನ ಹವಾಯಿ ಚಪ್ಪಲಿ, ಸೆರಗಿನ ತುಂಬ ಬೆವರು. ಅವರ ಹಿಂದೆ, ತುಸು ದೂರದಲ್ಲಿ, ಅಪ್ಪ. ಎರಡು ವಾರ ನಾನು ಬಾರದ್ದನ್ನು ನೋಡಿ ಮಿಸ್ ಅಂಗಡಿಗೆ ಹೋಗಿದ್ದಾರೆ. ನಿಮ್ಮ ಮನೆಗೇ ಹೊರಟಳಲ್ಲ ಎಂದು ಅಪ್ಪ ಹೇಳಿದ್ದೇ ತಡ, ಅವರನ್ನೂ ಎಳೆದುಕೊಂಡು ಆಟೋ ಹತ್ತಿ ನೇರ ಇಲ್ಲಿಗೇ ಬಂದಿದ್ದಾರೆ.

ಮಿಸ್ ನನ್ನ ತೋಳನ್ನು ಬಲವಾಗಿ ಹಿಡಿದರು. ಉಗುರು ಚುಚ್ಚಿತು.

"ನಾನಿಲ್ಲಿರೋದು ನಿಮಗೆ ಹೇಗೆ ಗೊತ್ತಾಯ್ತು ಮಿಸ್?"

"ಅವಳೂ ಇಲ್ಲಿಗೇ ಬಂದಿದ್ಲು" ಅಂದರು. ಆಮೇಲೆ ಒಂದೇ ಸಮನೆ ಹೇಳಿದರು. "ಅವಳಿಗೂ ಕಾಲೇಜಿನವರು ಫೀಸು ಬಿಟ್ಟಿದ್ರು. ಎರಡನೇ ವರ್ಷ ಒಂದು ಪೇಪರ್ ಹೋಯ್ತು, ರಿಯಾಯಿತಿ ಹೋಯ್ತು. ನಂಗೆ ಹೇಳ್ಲಿಲ್ಲ. ಊಟ ಬಿಟ್ಟಿದ್ಲು, ನಾನು ಸಣ್ಣ ಆಗೋಕೆ ಬಿಟ್ಟಿದಾಳೆ ಅನ್ಕೊಂಡೆ. ಕೇಳಿದ್ರೆ ಏನೂ ತೊಂದರೆ ಇಲ್ಲ ಮಮ್ಮಿ ಅಂದ್ಲು. ಹುಟ್ಟಿದಾಗಿಂದ ಅವಳು ಹಂಗೇ. ಏನ್ ಮಾಡಿದ್ರೂ ಇರಲಿ ಮಮ್ಮಿ, ಏನ್ ಕೊಟ್ರೂ ಇರಲಿ ಮಮ್ಮಿ. ಒಂದ್ ದಿನಾನೂ ಬೇಡ ಅಂತ ಬಾಯಿಬಿಡಲಿಲ್ಲ. ನಾನು ಅದನ್ನ ಒಳ್ಳೇ ಗುಣ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ ಕಣೇ."

ಅಷ್ಟರಲ್ಲಿ ಅಪ್ಪನೂ ಹತ್ತಿರ ಬಂದು ನಿಂತರು.

"ನೀನಾದ್ರೂ ಬೇಡ ಅಂತೀಯಾ ನೋಡೋಣ ಅಂತ್ಲೇ ಆ ಹಾರ ಹಾಕಿದ್ದು. ನೋಡಿ ಕೂಗಾಡ್ತೀಯ ಅನ್ಕೊಂಡಿದ್ದೆ. ನಿಮ್ಮಪ್ಪ ಹೇಳಿದ್ರಲ್ಲ, ಬಲೇ ಜಗಳಗಂಟಿ ಅಂತ. ನೀನೂ ಇರಲಿ ಅಂದುಬಿಟ್ಟೆ. ಅವತ್ತಿಂದ ನಂಗೆ ನಿದ್ದೆ ಇಲ್ಲ. ಪ್ರತಿ ವಾರ ಹೊಸದು ಹಾಕ್ತಿದ್ದೆ, ಇವತ್ತಾದ್ರೂ ತೆಗೀರಿ ಅಂತೀಯ, ಇವತ್ತಾದ್ರೂ ಅಂತೀಯ ಅಂತ."

ನನಗೆ ಅಳು ಒತ್ತರಿಸಿಕೊಂಡು ಬಂತು. "ಮ್ಯಾಥ್ಸ್ ಹೋಯ್ತು ಮಿಸ್. ರಿಯಾಯಿತಿ ನಿಲ್ಲಿಸಿಬಿಟ್ರು. ಆ ಹಾರ ನಂಗೆ ಬೇಡ. ತೆಗೀರಿ. ನಂಗೆ ಹೆದರಿಕೆ ಆಗುತ್ತೆ" ಅಂದೆ.

"ಎಷ್ಟು ತಿಂಗಳು ಬೇಕಾಯ್ತೇ ನಿಂಗೆ ಇದನ್ನ ಹೇಳೋಕೆ!" ಎಂದು ಅವರೂ ಅತ್ತರು.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಫೀಸ್ ಕಥೆ ಅಂಗಿರ್ಲಿ ಬುಡು ಮಗ. ನೀನಿದ್ರೆ ತಾನೇ ಫೀಸು" ಅಂದರು.

ಸೋಮವಾರ ಮಿಸ್ ನನ್ನನ್ನೂ ಅಪ್ಪನನ್ನೂ ಕರೆದುಕೊಂಡು ಅದೇ ಕೌಂಟರಿಗೆ ಹೋದರು. "ನೀವೀಗ ರಿಯಾಯಿತಿ ಕೊಡ್ತಿಲ್ಲ. ಅಂದಮೇಲೆ ಕಳೆಯೋಕೂ ಏನೂ ಇಲ್ಲ, ಅಲ್ಲವಾ?" ಎಂದು ಕೇಳಿದರು. ಆ ಮನುಷ್ಯ ತಲೆಯೆತ್ತಿ, ಹೌದೆಂದರು. ಮಿಸ್ ಅಲ್ಲೇ ನಿಂತು, ಈ ಸೆಮಿಸ್ಟರಿನ ಹಣ ನೇರವಾಗಿ ಫೀಸಿಗೆ ಎಂದು ಹೊಸ ಪತ್ರ ಬರೆದರು. ಬಸ್ಸಿಗೂ ಊಟಕ್ಕೂ ಅಮ್ಮ ಒಂದಷ್ಟು ಹೊಲಿಗೆ ಹಿಡಿದರು. ಮ್ಯಾಥ್ಸನ್ನು ಮಿಸ್ ಮನೆಯ ಮೇಲಿನ ಟ್ಯುಟೋರಿಯಲ್‌ನಲ್ಲಿ ಮತ್ತೆ ಕಲಿತು ಪಾಸು ಮಾಡಿದೆ. ಮೂರನೇ ವರ್ಷಕ್ಕೆ ರಿಯಾಯಿತಿ ಮರಳಿ ಬಂತು, ಮಿಸ್ ಮತ್ತೆ ಪತ್ರ ಬದಲಾಯಿಸಿದರು. ಮೊಳೆಗಳನ್ನು ಅಪ್ಪ ಬಂದು ಕಿತ್ತರು. ಒಂದು ಮೊಳೆ ಸಲೀಸಾಗಿ ಬರಲಿಲ್ಲ, ಪಟ್ಟಿ ಸ್ವಲ್ಪ ಸೀಳಿತು. ಆ ಕಟ್ಟನ್ನು ಬದಲಾಯಿಸುತ್ತೇನೆಂದು ಅಪ್ಪ ಎಷ್ಟೋ ಸಲ ಕೇಳಿದರೂ ಮಿಸ್ ಒಪ್ಪಿಲ್ಲ.

ಓದು ಮುಗಿಸಿ ಇದೇ ಊರಿನಲ್ಲಿ ಒಬ್ಬ ಕಂಟ್ರಾಕ್ಟರ್ ಬಳಿ ಕೆಲಸಕ್ಕಿದ್ದೇನೆ. ಶನಿವಾರದ ಊಟಕ್ಕೆ ಈಗಲೂ ಹೋಗುತ್ತೇನೆ. ಮಿಸ್‌ಗೆ ಕಣ್ಣು ಮಂಜಾಗಿದೆ, ಬಡಿಸುವುದು ನಾನೇ. ಸದ್ಯ ದತ್ತಿಯ ಹುಡುಗಿ ಎರಡನೇ ವರ್ಷದಲ್ಲಿದ್ದಾಳೆ. ಮಾತಿಗೆ ಮುಂಚೆ ನಗುತ್ತಾಳೆ, ಬಲು ನಯ. ನಮ್ಮ ಮನೆಗೂ ಬಂದು ಹೋಗುತ್ತಾಳೆ, ಅಮ್ಮನಿಗಂತೂ ಅವಳೆಂದರೆ ಪ್ರಾಣ. ನಿನ್ನ ಹಾಗೆ ಎದುರುತ್ತರ ಕೊಡುವುದಿಲ್ಲ ನೋಡು ಎಂದು ನನಗೆ ಚುಚ್ಚುತ್ತಾರೆ.

ಹೋದ ಶನಿವಾರ ಮಿಸ್ ಎಂದಿನಂತೆ ಅವಳನ್ನು ಕೇಳಿದರು, "ಕಾಲೇಜಲ್ಲಿ ಎಲ್ಲ ಸರಿ ಇದೆಯಾ?"

"ಏನೂ ತೊಂದರೆ ಇಲ್ಲ ಮಿಸ್" ಅಂದಳು ಹುಡುಗಿ, ನಗುತ್ತಲೇ.

ಮಿಸ್ ನನ್ನ ಕಡೆ ತಿರುಗಿದರು. ಅವರಿಗೆ ಕಾಣದೇ ಇದ್ದದ್ದು ನನಗೆ ಕಾಣುತ್ತಿತ್ತು. ಅವಳ ತಟ್ಟೆಯಲ್ಲಿ ಅನ್ನ ಬಡಿಸಿದ ಹಾಗೇ ಇತ್ತು, ಬೆರಳಿಗೆ ಸಾರು ಕೂಡ ಅಂಟಿರಲಿಲ್ಲ. ಸೌಟು ಕೆಳಗಿಟ್ಟೆ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ತೋಳು ಹಿಡಿದುಕೊಂಡು ಕೇಳಿದೆ:

"ಯಾವ ಸಬ್ಜೆಕ್ಟು?"